ಚಿರೇಕಲ್ಲು ಹೊತ್ತ ಗಾಡಿ ಸಸಿ ಹೊರುವಂತಾದದ್ದು

ಹಳೇ ಪಿಕಪ್ ತಗೊಂಡು ರೆಡಿ ಮಾಡಿಸ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: ಏನೇನು ಹಾಕಿಸಬೇಕು? ನನ್ನ ಟಾಟಾ 207 ಡಿಐ ಗಾಡಿಯಲ್ಲಿ ಹಾಕಿಸಿದ್ದಕ್ಕಿಂತ ತೆಗೆಸಿದ್ದೇ ಜಾಸ್ತಿ. ಹಿಂದಿನ ಮಾಲೀಕರು ಹೊನ್ನಾವರದ ಕಡೆ ಚಿರೇಕಲ್ಲು, ಅಂದರೆ ಗೋಡೆ ಕಟ್ಟುವ ಕೆಂಪು ಕಲ್ಲು, ಸಾಗಿಸುತ್ತಿದ್ದವರು. ಕಲ್ಲಿಗೆ ತಕ್ಕ ಹಾಗೆ ಗಾಡಿಯನ್ನು ಗಟ್ಟಿ ಮಾಡಿಸಿಕೊಂಡಿದ್ದರು. ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪ್ಲೇಟು, ಗಾಡಿಯ ಬಾಡಿಯ ತಳಕ್ಕೆ ಶೀಟಿನ ಮೇಲೊಂದು ಶೀಟು, ಎಂಜಿನ್ನಿಗೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಡೀಸೆಲ್. ನಾನು ಶಿರಸಿ ಹತ್ತಿರ ಅಡಿಕೆ, ಕಾಳುಮೆಣಸಿನ ಸಸಿ ಮಾಡಿ ಮಾರುವವನು. ಚಿರೇಕಲ್ಲು ಎಷ್ಟು ಕುಲುಕಿದರೂ ಕಲ್ಲಾಗಿಯೇ ಇಳಿಯುತ್ತದೆ. ಸಸಿಯ ಚೀಲ ಹಾಗಲ್ಲ. ಒಳಗಿನ ಮಣ್ಣಿನ ಹೆಂಟೆ ಒಡೆದರೆ ಬೇರು ಹರಿಯುತ್ತದೆ. ಎಲೆ ಹಸಿರಾಗಿಯೇ ಕಾಣುತ್ತಿರುತ್ತದೆ, ತೋಟದಲ್ಲಿ ನೆಟ್ಟ ಮೇಲೆ ಸುಳಿ ಒಣಗುತ್ತದೆ. ಆಗ ಗಿರಾಕಿ ಬೈಯುವುದು ಗಾಡಿಯನ್ನಲ್ಲ, ನರ್ಸರಿಯನ್ನು.

ಹಾಗಿದ್ದ ಮೇಲೆ ಅದೇ ಗಾಡಿ ಯಾಕೆ ಅಂತ ಮನೆಯಲ್ಲೂ ಕೇಳಿದರು. ನನ್ನ ಕೈಯಲ್ಲಿದ್ದ ದುಡ್ಡಿಗೆ ಸಿಗುತ್ತಿದ್ದ ಸ್ವಲ್ಪ ಹೊಸ ಪಿಕಪ್‌ಗಳೆಲ್ಲ ಕಾಮನ್ ರೈಲಿನವು, ಅಂದರೆ ಡೀಸೆಲ್ ಎಷ್ಟು ಬಿಡಬೇಕೆಂದು ಕಂಪ್ಯೂಟರೇ ನಿರ್ಧರಿಸುವಂಥವು. ಒಂದು ಸೆನ್ಸರ್ ಕೈಕೊಟ್ಟರೆ ಸ್ಕ್ಯಾನರ್ ಇರುವ ಗ್ಯಾರೇಜು ಹುಡುಕಿಕೊಂಡು ಹೋಗಬೇಕು. 2008ರ 207ರಲ್ಲಿ ಆ ಗೋಜಿಲ್ಲ. ಡೀಸೆಲ್ ಒತ್ತುವ ಪಂಪು, ಪೈಪು, ಸಿಲಿಂಡರಿನೊಳಗೆ ಚಿಮ್ಮಿಸುವ ನಾಝಲ್ಲು, ಅಷ್ಟೆ. ಟಾಟಾದವರ ಇಂಥ ಎಂಜಿನ್ನಿನ ಮಾದರಿಯ ಹೆಸರಿನಲ್ಲೇ ಲೆಕ್ಕ ಇರುತ್ತದೆ. ಇದರದ್ದು 497, ಅಂದರೆ ನಾಲ್ಕು ಸಿಲಿಂಡರು, 97 ಮಿಲಿಮೀಟರ್ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ. ಪಿಸ್ಟನ್ ಓಡುವ ದೂರ, ಸ್ಟ್ರೋಕು, 100 ಮಿಲಿಮೀಟರ್. ಲೆಕ್ಕ ಹಾಕಿದರೆ 2956 ಸಿಸಿ. 407 ಲಾರಿಯಲ್ಲಿ ಇರುವುದು ಇದೇ ಕುಟುಂಬದ ಎಂಜಿನ್ನು. ಸುಮೋ ಸ್ಪೇಸಿಯೋದಲ್ಲೂ ಇದೇ. ಈ ಪಿಕಪ್ಪಿನ ವಂಶ ಶುರುವಾದದ್ದು 1988ರ ಟಾಟಾಮೊಬೈಲಿನಿಂದ. 1994ರಲ್ಲಿ ಬಂದ ಸುಮೋ ಕೂಡ ಅದೇ ಬುಡದ ಮೇಲೆ ಎದ್ದದ್ದು. ಹಾಗಾಗಿ ಹುಬ್ಬಳ್ಳಿಯ ಸ್ಪೇರ್ ಅಂಗಡಿಯಲ್ಲಿ 'ಇದರ ಸಾಮಾನು ಬರೂದಿಲ್ರಿ' ಅನ್ನುವ ಮಾತು ಅಪರೂಪ. ಹಳೇ ಗಾಡಿ ತಗೊಳ್ಳುವವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಕೊಳ್ಳುವ ಮೊದಲು ಬಣ್ಣ, ಸೀಟು, ಮೀಟರು ನೋಡಲೇ ಇಲ್ಲ. ಗ್ಯಾರೇಜಿನ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಅವರು ಗಾಡಿಯ ಅಡಿ ಚೌಕಟ್ಟಾದ ಚಾಸಿಯ ಕೆಳಗೆ ಅಂಗಾತ ಮಲಗಿ, ಸಣ್ಣ ಸುತ್ತಿಗೆಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಕುಟ್ಟುತ್ತಾ ಬಂದರು. ಗಟ್ಟಿ ಕಬ್ಬಿಣ 'ಟಣ್' ಅನ್ನುತ್ತದೆ, ತುಕ್ಕು ಪದರಗಟ್ಟಿದ ಕಡೆ ಸದ್ದು ಸತ್ತಿರುತ್ತದೆ. ಕರಾವಳಿಯ ಗಾಡಿಯಾದ್ದರಿಂದ ಈ ಪರೀಕ್ಷೆ ಬಿಡುವಂತಿಲ್ಲ. ಚಾಸಿಯ ಉದ್ದನೆಯ ಎರಡು ಮೆಂಬರುಗಳು, ಅಂದರೆ ಕಬ್ಬಿಣದ ತೊಲೆಗಳು, ಚೆನ್ನಾಗಿದ್ದವು. ಹಿಂದಿನ ಸ್ಪ್ರಿಂಗ್ ಬ್ರ್ಯಾಕೆಟ್ಟಿನ ಹತ್ತಿರ ಮಾತ್ರ ಸದ್ದು ಮಂದ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು, ಆರ್‌ಸಿಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದೆವು. ಇದೊಂದು ಸರಿ ಇಲ್ಲದಿದ್ದರೆ ಉಳಿದದ್ದೆಲ್ಲ ಚಿನ್ನದ್ದಾದರೂ ವ್ಯಾಪಾರ ಬೇಡ.

ಎಂಜಿನ್ನಿನ ಕಥೆ ಮೊದಲು ಹೇಳಿ ಮುಗಿಸುತ್ತೇನೆ. ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತುವಾಗ ಹಿಂದೆ ಬರುವ ಬೈಕಿನವರು ಮೂಗು ಮುಚ್ಚಿಕೊಳ್ಳುವಷ್ಟು ಕಪ್ಪು ಹೊಗೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು, ಆದ ಮೇಲೂ ಸ್ವಲ್ಪ ಹೊತ್ತು ಒಂದು ಸಿಲಿಂಡರು ಬಡಿಯುತ್ತಿತ್ತು. ನೋಡಿದವರೆಲ್ಲ 'ಎಂಜಿನ್ ಬಿಚ್ಚಿಸಿ, ಪಿಸ್ಟನ್ ರಿಂಗ್ ಹೋಗಿದೆ' ಅಂದರು. ಮಿಸ್ತ್ರಿ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತೆಗೆದು, ಅದನ್ನು ತಿರುಗಿಸಿ ಅಲ್ಲೇ ಸುಮ್ಮನೆ ಇಟ್ಟರು. ರಿಂಗು ಸವೆದಿದ್ದರೆ ಉರಿದ ಗಾಳಿ ಕೆಳಗಿಳಿದು ಮುಚ್ಚಳವನ್ನು ಕುಣಿಸುತ್ತದೆ. ಅದು ಅಲುಗಿತೇ ಹೊರತು ಕುಣಿಯಲಿಲ್ಲ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜು ಹಾಕಿ ನೋಡಿದಾಗಲೂ ನಾಲ್ಕೂ ಸಿಲಿಂಡರು ಹೆಚ್ಚುಕಡಿಮೆ ಸಮ ಇದ್ದವು.

'ಎಂಜಿನ್ ಎಂತ ಆಗ್ಲಿಲ್ಲ ತಮಾ,' ಅಂದರು. 'ಊಟ ಜಾಸ್ತಿ ಆಗಿದೆ ಅದ್ಕೆ. ಪಂಪ್ ನೋಡು, ಸೀಲ್ ಎಲ್ಲಿದೆ?'

ಡೀಸೆಲ್ ಪಂಪಿನ ಅಡ್ಜಸ್ಟಿಂಗ್ ಸ್ಕ್ರೂಗೆ ತಂತಿ ಹಾಕಿ ಸೀಸದ ಸೀಲು ಒತ್ತಿರುತ್ತಾರೆ. ನಮ್ಮ ಗಾಡಿಯಲ್ಲಿ ಸೀಲೂ ಇಲ್ಲ, ತಂತಿಯೂ ಇಲ್ಲ. ಸ್ಕ್ರೂ ತಲೆಯ ಮೇಲೆ ಸ್ಪ್ಯಾನರ್ ಜಾರಿದ ಗೀರುಗಳಿದ್ದವು. ಘಟ್ಟದಲ್ಲಿ ಲೋಡು ಎಳೆಯಲಿ ಅಂತ ಯಾರೋ ಪಂಪು 'ಏರಿಸಿ'ದ್ದಾರೆ. ಹೆಚ್ಚು ಗಾಳಿ ತುರುಕುವ ಟರ್ಬೊ ಇಲ್ಲದ ಎಂಜಿನ್ನು ತಾನು ಎಳೆದುಕೊಳ್ಳುವ ಗಾಳಿಗೆ ತಕ್ಕಷ್ಟೇ ಡೀಸೆಲ್ ಸುಡಬಲ್ಲದು. ಅದಕ್ಕಿಂತ ಹೆಚ್ಚು ಕೊಟ್ಟರೆ ಸ್ವಲ್ಪ ಎಳೆತ ಬರುತ್ತದೆ, ಉಳಿದದ್ದು ಮಸಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ದುಡ್ಡು ಕೊಟ್ಟು ಹಾಕಿಸಿದ ಡೀಸೆಲ್ಲು ಅದು.

ಪಂಪು, ನಾಝಲ್ಲು ಬಿಚ್ಚಿ ಹುಬ್ಬಳ್ಳಿಯ ಪಂಪ್ ಸರ್ವಿಸಿನವರ ಹತ್ತಿರ ಹೋದೆ. ಬೋರ್ಡಿನಲ್ಲಿ ಏನೇ ಬರೆದಿರಲಿ, ಜನ ಕೇಳಿಕೊಂಡು ಬರುವುದು 'ಮೈಕೋ ಅಂಗಡಿ' ಅಂತಲೇ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು, ಲಾರಿ ಲೋಕ ಮಾತ್ರ ಬದಲಿಸಿಕೊಂಡಿಲ್ಲ. ಅಲ್ಲಿ ನಾಝಲ್ ಪರೀಕ್ಷೆ ನೋಡುವುದೇ ಒಂದು ಪಾಠ. ನಾಝಲ್ಲನ್ನು ಕೈಪಂಪಿಗೆ ಕಟ್ಟಿ, ಗೇಜು ನೋಡುತ್ತಾ ಹಿಡಿಕೆ ಒತ್ತುತ್ತಾರೆ. ಮುಳ್ಳು 200 ಬಾರ್ ದಾಟಿದ ಮೇಲೆ ಒಳಗಿನ ಸೂಜಿ 'ಚರ್‌ಕ್' ಅಂತ ಬಿಟ್ಟುಕೊಡುತ್ತದೆ, ಸಣ್ಣ ಸಣ್ಣ ತೂತುಗಳಿಂದ ಡೀಸೆಲ್ಲು ಹೊಗೆಯಷ್ಟು ನುಣ್ಣಗೆ ಸುತ್ತಲೂ ಚೆದುರುತ್ತದೆ. ಒತ್ತುವುದು ನಿಲ್ಲಿಸಿದೊಡನೆ ತುದಿ ಒಣಗಿರಬೇಕು. ನಮ್ಮ ಮೂರನೆಯದು ಹಾಗಿರಲಿಲ್ಲ. ಸರಿಯಾಗಿ ತಿರುಗಿಸದ ನಲ್ಲಿಯ ಹಾಗೆ ತೊಟ್ಟಿಕ್ಕುತ್ತಲೇ ಇತ್ತು. ಬೆಳಿಗ್ಗೆ ಬಡಿಯುತ್ತಿದ್ದ ಸಿಲಿಂಡರು ಅದೇ. ಆ ಅಂಗಡಿಯವರು ಕೈ ಅಡ್ಡ ತರಬೇಡಿ ಅಂತ ಗದರಿದರು. ಆ ಒತ್ತಡದ ಡೀಸೆಲ್ಲು ಚರ್ಮ ತೂರಿ ಒಳಗೆ ಹೋಗುತ್ತದೆ, ಆಸ್ಪತ್ರೆಗೇ ಓಡಬೇಕು.

ನಾಲ್ಕೂ ನಾಝಲ್ಲು ಹೊಸತು ಹಾಕಿಸಿದೆ. ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ಓಡಿಸಿ, ಪ್ರತಿ ಲೈನಿನಿಂದ ಬೀಳುವ ಡೀಸೆಲ್ಲನ್ನು ಗಾಜಿನ ಕೊಳವೆಗಳಲ್ಲಿ ಹಿಡಿದು, ನಾಲ್ಕರ ಮಟ್ಟವೂ ಒಂದೇ ಗೆರೆಗೆ ಬರುವವರೆಗೆ ಹೊಂದಿಸಿದರು. ಒಟ್ಟು ಅಳತೆಯನ್ನು ಕಂಪನಿ ಚಾರ್ಟಿಗೆ ಇಳಿಸಿದರು. ಹೊಸ ಸೀಲು ಬಿತ್ತು. ವಾಪಸು ಕೂರಿಸುವಾಗ ನಾಝಲ್ಲಿನ ಕೆಳಗಿನ ತಾಮ್ರದ ವಾಷರು ಹಳೆಯದನ್ನೇ ಹಾಕಲು ಬಿಡಬೇಡಿ. ಕೆಲವೇ ರೂಪಾಯಿಯ ಸಾಮಾನು, ಅದು ಸರಿಯಾಗಿ ಕೂರದಿದ್ದರೆ ಕಂಪ್ರೆಶನ್ ಅಲ್ಲಿಂದಲೇ ಸೋರುತ್ತದೆ. ಲೈನಿನ ಗಾಳಿ ತೆಗೆದು ಸೆಲ್ಫ್ ಹೊಡೆದಾಗ ಎಂಜಿನ್ನು ತಟಕ್ಕನೆ ಎದ್ದಿತು. ಎಳೆತ ಕಡಿಮೆಯಾಯಿತೇ? ಹೌದು, ಆಗಿದೆ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಒಂದೆರಡು ತಿರುವಿಗೆ ಈಗ ಎರಡನೆಯದು ಬೇಕು. ಸಸಿ ಕಾಯುತ್ತದೆ, ಅಡ್ಡಿಯಿಲ್ಲ.

ನಿಜವಾದ ಕೆಲಸ ಇದ್ದದ್ದು ಹಿಂದಿನ ಸ್ಪ್ರಿಂಗಿನಲ್ಲಿ. ಖಾಲಿ ಗಾಡಿ ನಿಂತಾಗ ಹಿಂಭಾಗ ಎತ್ತಿಕೊಂಡು ಮೂಗು ನೆಲ ನೋಡುತ್ತಿತ್ತು. ಹೊಂಡಕ್ಕೆ ಇಳಿದರೆ ಸ್ಪ್ರಿಂಗು ಬಗ್ಗುವುದೇ ಇಲ್ಲ, ಏಟು ನೇರ ಚಾಸಿಗೆ, ಅಲ್ಲಿಂದ ನಮ್ಮ ಸೊಂಟಕ್ಕೆ. ಬ್ರ್ಯಾಕೆಟ್ಟಿನ ಹತ್ತಿರ ಸುತ್ತಿಗೆಯ ಸದ್ದು ಸತ್ತಿತ್ತು ಅಂದೆನಲ್ಲ, ಬಣ್ಣ ಕೆರೆದಾಗ ರಿವೆಟ್ಟಿನ ಪಕ್ಕ ಕೂದಲೆಳೆಯ ಬಿರುಕು ಕಂಡಿತು. ಗಟ್ಟಿ ಮಾಡಿಸಿದ್ದರ ಫಲ.

ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟು ಕತ್ತರಿಸಿ ಪ್ಲೇಟುಗಳನ್ನು ಬಿಚ್ಚಿ ನೆಲದ ಮೇಲೆ ಸಾಲಾಗಿ ಹಾಸಿದೆವು. ಮೂಲದವು ಯಾವು, ಆಮೇಲೆ ಸೇರಿದವು ಯಾವು ಅಂತ ಹೇಳಲು ಮಿಸ್ತ್ರಿಗೆ ದಪ್ಪ ಅಳೆಯುವ ವರ್ನಿಯರ್ ಬೇಕಾಗಲಿಲ್ಲ, ನನಗೆ ಬೇಕಾಯಿತು. ಸೇರಿಸಿದ ಪ್ಲೇಟುಗಳು ಯಾವುದೋ ದೊಡ್ಡ ಗಾಡಿಯದ್ದನ್ನು ಕತ್ತರಿಸಿ ಹಾಕಿದವು, ಮೂಲದ್ದಕ್ಕಿಂತ ಕಾಲುಭಾಗ ದಪ್ಪ. ಕಾಲುಭಾಗ ತಾನೇ ಅನ್ನಿಸುತ್ತದೆ. ಆದರೆ ಪ್ಲೇಟಿನ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಗಲ, ಉದ್ದ ಒಂದೇ ಇದ್ದು ದಪ್ಪ 8 ಮಿಲಿಮೀಟರಿನಿಂದ 10ಕ್ಕೆ ಹೋದರೆ ಬಿಗುವು ಹತ್ತಿರಹತ್ತಿರ ಎರಡರಷ್ಟು. ಅಂದರೆ ಅಂಥ ಒಂದು ಪ್ಲೇಟು ಸೇರಿಸಿದವರು ಎರಡು ಸೇರಿಸಿದ ಹಾಗೆ. ಅದರ ಬಾಗು ಉಳಿದವುಗಳ ಬಾಗಿಗೆ ಹೊಂದಿರಲಿಲ್ಲ, ಹಾಗಾಗಿ ಕೆಲವು ಕಡೆ ಮಾತ್ರ ಒತ್ತಿ ಉಜ್ಜಿ ಹೊಳಪು ಬಂದಿತ್ತು, ಉಳಿದ ಕಡೆ ತುಕ್ಕು. ಮೂಲದ ಮೇನ್ ಪ್ಲೇಟು ಸೆಂಟರ್ ಬೋಲ್ಟಿನ ತೂತಿನಿಂದ ಬಿರುಕು ಬಿಡಲು ಶುರುವಾಗಿತ್ತು.

ಮೇನ್ ಪ್ಲೇಟು ಎರಡೂ ಬದಿಗೆ ಹೊಸತು ತಂದೆವು. ಚೆನ್ನಾಗಿದ್ದ ಮೂಲದ ಪ್ಲೇಟುಗಳು ಸ್ಪ್ರಿಂಗ್ ಕೆಲಸದವರ ಕುಲುಮೆಗೆ ಹೋಗಿ ಬಾಗು ಸರಿಪಡಿಸಿಕೊಂಡು ಬಂದವು. ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸು, ಹೊಸ ಬುಷ್ಷು, ಹೊಸ ಸೆಂಟರ್ ಬೋಲ್ಟು, ಹೊಸ ಯು ಬೋಲ್ಟು. ಒಮ್ಮೆ ಬಿಗಿದು ಎಳೆದುಕೊಂಡ ಯು ಬೋಲ್ಟನ್ನು ಮತ್ತೆ ಹಾಕುವವರನ್ನು ನೋಡಿದ್ದೇನೆ, ನಾನಂತೂ ಒಪ್ಪುವುದಿಲ್ಲ. ಬಿರುಕಿನ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದೆ ಓಡದಂತೆ ತಡೆದು, ವಿ ಆಕಾರಕ್ಕೆ ಉಜ್ಜಿ ವೆಲ್ಡ್ ತುಂಬಿಸಿ, ಮೇಲೊಂದು ತೇಪೆ ಪ್ಲೇಟು ಹಾಕಿದರು. ಲೋಡು ಹಾಕಿ ಸ್ವಲ್ಪ ಓಡಿಸಿದ ಮೇಲೆ ಯು ಬೋಲ್ಟು ಮತ್ತೊಮ್ಮೆ ಬಿಗಿಯಲೇಬೇಕು, ಗ್ರೀಸು ಬಣ್ಣ ಹಿಂಡಿಹೋಗಿ ಸಡಿಲವಾಗಿರುತ್ತವೆ.

ಇಲ್ಲಿ ಯಾರೂ ಹೇಳದ ಇನ್ನೊಂದು ವಿಷಯ. ಹಿಂದಿನ ಆಕ್ಸಲಿನ ಹೌಸಿಂಗಿಗೂ ಚಾಸಿಗೂ ನಡುವೆ ಒಂದು ಸರಳು, ಅದರ ತುದಿಗೆ ಬ್ರೇಕಿನ ವಾಲ್ವು ಇದೆ. ಲೋಡು ಕೂತು ಬಾಡಿ ಇಳಿದಷ್ಟೂ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುವುದು ಅದರ ಕೆಲಸ. ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗಿ ಜಾರಬಾರದಲ್ಲ. ಪ್ಲೇಟು ಸೇರಿಸಿ ಗಾಡಿ ಎತ್ತಿದವರು ಈ ವಾಲ್ವಿಗೆ ಸುಳ್ಳು ಹೇಳಿದ ಹಾಗಾಯಿತು. ಟನ್ನುಗಟ್ಟಲೆ ಕಲ್ಲು ಹೇರಿದರೂ ಬಾಡಿ ಇಳಿಯದು, ವಾಲ್ವು ಗಾಡಿ ಖಾಲಿ ಇದೆ ಅಂದುಕೊಳ್ಳುತ್ತದೆ, ಹಿಂದಿನ ಬ್ರೇಕು ಅರೆಬರೆ. ಘಟ್ಟ ಇಳಿಯುವಾಗ ಎಲ್ಲ ಭಾರ ಮುಂದಿನ ಬ್ರೇಕಿನ ಮೇಲೆ. ಮುಂದಿನ ಪ್ಯಾಡುಗಳು ಕಾದು ಕಪ್ಪಾಗಿದ್ದದ್ದೂ, ಹಿಂದಿನ ಲೈನರು ಹೊಸದರಂತೆ ಇದ್ದದ್ದೂ ಆಗ ಅರ್ಥವಾಯಿತು. ಸ್ಪ್ರಿಂಗು ಮೂಲದ ಎತ್ತರಕ್ಕೆ ಬಂದ ಮೇಲೆ ಸರಳಿನ ಅಳತೆ ಹೊಂದಿಸಿ, ಒಳಗೆ ಜಂಗು ಹಿಡಿದಿದ್ದ ವಾಲ್ವನ್ನೂ ಬದಲಿಸಿದೆವು.

ಬ್ರೇಕಿನದೇ ಇನ್ನೊಂದು ತಕರಾರು ಪೆಡಲು ಕಲ್ಲಾಗುವುದು. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲಿನದರಂತೆ ಗಾಳಿಯ ಬಾಗಿಲು ಮುಚ್ಚುವುದಿಲ್ಲ, ಹಾಗಾಗಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮಿಗೆ ಪ್ರತ್ಯೇಕ ಪಂಪು ಬೇಕು. ಇದರಲ್ಲಿ ಅದು ಡೈನಮೋದ ಬೆನ್ನಿಗೇ ಕೂತಿದೆ, ಎಂಜಿನ್ ಆಯಿಲ್ಲೇ ಅದಕ್ಕೆ ಎಣ್ಣೆ. ಸೀಲು ಹೋಗಿ ಆಯಿಲ್ಲು ಡೈನಮೋದ ಒಳಗೇ ಇಳಿದಿತ್ತು. ಬಿಚ್ಚಿ ಬಗ್ಗಿಸಿದಾಗ ತಾಮ್ರದ ಸುರುಳಿಯಿಂದ ಕಪ್ಪು ಎಣ್ಣೆ ಸುರಿಯಿತು. ಬ್ಯಾಟರಿ ಚಾರ್ಜಾಗದ್ದಕ್ಕೂ ಬ್ರೇಕು ಗಟ್ಟಿಯಾದದ್ದಕ್ಕೂ ಕಾರಣ ಒಂದೇ. ಪಂಪು ಹೊಸತು ಹಾಕಿ, ಡೈನಮೋ ತೊಳೆಸಿ ಬ್ರಷ್ಷು ಬದಲಿಸಿದ್ದಾಯಿತು. ಕ್ಲಚ್ ಪ್ಲೇಟು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ರೇಡಿಯೇಟರ್ ಹೋಸು ಎಲ್ಲ ಗಾಡಿಗೂ ಆಗುವಂಥವೇ, ಅದನ್ನು ಬರೆದು ಬೇಸರ ತರಿಸುವುದಿಲ್ಲ.

ಗಾಡಿಯ ಬಾಡಿ ಕೆಲಸಕ್ಕೆ ಬಂದಾಗ ತೂಕದ ಲೆಕ್ಕ ಹಾಕಿದೆ. ಕಲ್ಲಿನ ಏಟು ತಡೆಯಲೆಂದು ಮೂಲದ ತಳದ ಮೇಲೆ 5 ಮಿಲಿಮೀಟರಿನ ಚೆಕ್ಕರ್ ಪ್ಲೇಟು ಹಾಸಿದ್ದರು. ಒಂದು ಚದರ ಮೀಟರಿನ ಉಕ್ಕು ಒಂದೊಂದು ಮಿಲಿಮೀಟರ್ ದಪ್ಪಕ್ಕೂ 7.85 ಕೆ.ಜಿ. ತೂಗುತ್ತದೆ. ತಳ ನಾಲ್ಕು ಚದರ ಮೀಟರ್ ಹಿಡಿದರೂ ಆ ಹಾಸು 157 ಕೆ.ಜಿ. ಖಾಲಿ ಗಾಡಿಯಲ್ಲೂ ಇಬ್ಬರು ದಪ್ಪನೆಯ ಆಳು ಸದಾ ಹಿಂದೆ ಕೂತೇ ಇರುತ್ತಾರೆ ಅಂತಾಯಿತು. ಗ್ಯಾಸ್ ಕಟರಿನಲ್ಲಿ ಅದನ್ನು ಎಬ್ಬಿಸಿದಾಗ ಕೆಳಗೆ ಒದ್ದೆ ಕೆಂಪು ಧೂಳು ಕೆಸರಾಗಿ ಮೆತ್ತಿಕೊಂಡಿತ್ತು. ಉಪ್ಪುಗಾಳಿ, ತೇವ, ಚಿರೇಕಲ್ಲಿನ ಪುಡಿ ಮೂರೂ ಸೇರಿ ಮೂಲದ ತಳವನ್ನು ಜಾಲರಿ ಮಾಡಿದ್ದವು. ಬೆರಳು ಒತ್ತಿದರೆ ತೂತು. ಅಡ್ಡ ಮೆಂಬರು ಎರಡು ಪೂರ್ತಿ ಹೋಗಿದ್ದವು. ರಕ್ಷಣೆಗೆ ಹಾಕಿದ ಹಾಸೇ ನೀರು ಹಿಡಿದಿಟ್ಟು ತಿಂದುಹಾಕಿತ್ತು. ಅಡ್ಡ ಮೆಂಬರು ಹೊಸತು, ತಳಕ್ಕೆ 2 ಮಿಲಿಮೀಟರ್ ಶೀಟು ಒಂದೇ ಪದರ, ಒಳಗೂ ಹೊರಗೂ ರೆಡ್ ಆಕ್ಸೈಡು. ವೆಲ್ಡಿಂಗ್ ಶುರು ಮಾಡುವ ಮೊದಲು ಬ್ಯಾಟರಿಯ ಎರಡೂ ವೈರು ತೆಗೆದಿಡುವುದನ್ನು ನಾನೇ ನಿಂತು ನೋಡಿಕೊಂಡೆ, ಈಗಷ್ಟೇ ರಿಪೇರಿಯಾದ ಡೈನಮೋ ಸುಟ್ಟರೆ ಯಾರನ್ನು ಕೇಳುವುದು? ಸಸಿಗೆ ಹೊಡೆದ ನೀರು ತಳದಲ್ಲಿ ನಿಲ್ಲಬಾರದು, ಹಾಗಂತ ಚಾಸಿಯ ಮೇಲೂ ಬೀಳಬಾರದು. ನಾಲ್ಕು ಮೂಲೆಯಲ್ಲಿ ತೂತು ಕೊರೆದು, ಸಣ್ಣ ಪೈಪು ಬೆಸೆದು, ನೀರು ಚಾಸಿಯ ಹೊರಬದಿಗೆ ಇಳಿಯುವಂತೆ ಮಾಡಿಸಿದೆ. ಒಟ್ಟು ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಈ ಪೈಪುಗಳು.

ಇನ್ನು ಸೇರಿಸಿದ್ದು ಅಂದರೆ ಸಸಿಯ ಅಟ್ಟ. ಮೆಣಸಿನ ಬೇರು ಬಿಟ್ಟ ಬಳ್ಳಿ ಸಣ್ಣ ಚೀಲದಲ್ಲಿರುತ್ತದೆ, ಎರಡು ಅಂತಸ್ತು ಜೋಡಿಸಬಹುದು. ವರ್ಷ ದಾಟಿದ ಅಡಿಕೆ ಸಸಿ ಎತ್ತರ, ಅದಕ್ಕೆ ಒಂದೇ ಅಂತಸ್ತು. ಹಾಗಾಗಿ ಮೇಲಿನ ಅಟ್ಟ ತೆಗೆದಿಡುವಂತಿರಬೇಕು. ವೆಲ್ಡರು 'ಬಾಡಿಗೇ ಬೆಸೆದುಬಿಡ್ತೇನೆ, ಗಟ್ಟಿ ಇರ್ತದೆ' ಅಂತ ಹಟ ಹಿಡಿದರು. ನಾನು ಬೇಡ ಅಂದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿಯ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ಅಗಲ, ಉದ್ದ, ಬಾಡಿಯ ಆಕಾರ ಯಾವುದೂ ಬದಲಾಗದೆ, ಬೋಲ್ಟು ಬಿಚ್ಚಿದರೆ ಸಾಮಾನಿನಂತೆ ಇಳಿದುಬರುವ ಚೌಕಟ್ಟು ಸಾಕಿತ್ತು. ಚೌಕ ಪೈಪಿನ ಕಾಲು, ಕೆಳಗೆ ರಬ್ಬರ್ ತುಂಡು, ಮೇಲೆ ಕಬ್ಬಿಣದ ಜಾಲರಿ. ಎದುರಿಗೂ ಎರಡು ಬದಿಗೂ ನೆರಳುಬಲೆ ಕಟ್ಟಿದೆ, ಬಿಸಿಲಿಗಿಂತ ಗಾಳಿಗಾಗಿ. ಹೈವೇಯ ವೇಗದಲ್ಲಿ ಅಡಿಕೆ ಸಸಿಯ ಎಲೆ ಸೀಳಿಹೋಗುತ್ತದೆ.

ಟೈರಿನ ಗಾಳಿಯನ್ನೂ ಕಲ್ಲಿನ ಲೆಕ್ಕದಿಂದ ನಮ್ಮ ಲೋಡಿನ ಲೆಕ್ಕಕ್ಕೆ ಇಳಿಸಿದೆ. ರಿಪೇರಿಯ ನಂತರದ ಮೊದಲ ಲೋಡು ಇಳಿಸಿದ ಮೇಲೆ ಹಿಂದಿನ ಸಾಲಿನ, ಅಂದರೆ ಹೆಚ್ಚು ಕುಲುಕುವ ಜಾಗದ ಚೀಲವೊಂದನ್ನು ಬ್ಲೇಡಿನಲ್ಲಿ ಸೀಳಿ ನೋಡಿದೆ. ಹೆಂಟೆ ಇಡಿಯಾಗಿ ಕೈಗೆ ಬಂತು, ಬಿಳಿ ಬೇರು ಸುತ್ತಲೂ ಹೆಣೆದುಕೊಂಡೇ ಇತ್ತು. ಸ್ಪ್ರಿಂಗು ಬದಲಿಸುವ ಮೊದಲು ಅದೇ ಜಾಗದ ಚೀಲ ಸೀಳಿದಾಗ ಮಣ್ಣು ಉದುರಿ ಬರೀ ಕಡ್ಡಿ ಉಳಿದಿತ್ತು.

ಹಳದಿ ಬೋರ್ಡಿನ ಗಾಡಿ ಎಂಟು ವರ್ಷ ದಾಟಿದರೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟು, ವರ್ಷವರ್ಷವೂ ಆಗಬೇಕು. ಹೊಗೆ ತಪಾಸಣೆಗೆ ನಿಂತಾಗ ಮಾತ್ರ ನನಗೆ ಅಳುಕಿತ್ತು. 2008ರ ಕಾಲದ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್, ಹೊಗೆಯ ದಟ್ಟಣೆಯ ಅಳತೆ ಅದು. ಆಕ್ಸಿಲರೇಟರು ಪೂರ್ತಿ ಒತ್ತಿಸಿ ಅಳೆದಾಗ ಮಿತಿಗಿಂತ ಬಹಳ ಕೆಳಗೇ ಬಂತು. ಪ್ರತಿಫಲಿಸುವ ಟೇಪು ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಹಚ್ಚಿಸಿದ್ದೆ. ಅತಿ ಸುರಕ್ಷತೆಯ ನಂಬರ್ ಪ್ಲೇಟೂ ಆಗಿತ್ತು. ಅಟ್ಟ ಮನೆಯಲ್ಲೇ ಬಿಚ್ಚಿಟ್ಟು ಹೋಗಿದ್ದೆ. ಇನ್‌ಸ್ಪೆಕ್ಟರ್ ಗಾಡಿಯ ಕೆಳಗೆ ಬಗ್ಗಿ ಸ್ಪ್ರಿಂಗು ನೋಡಿ, 'ಇದರಲ್ಲಿ ಎಕ್ಸ್‌ಟ್ರಾ ಪ್ಲೇಟ್ ಇಲ್ವಾ?' ಅಂತ ಕೇಳಿದರು. ಇಲ್ಲ ಸರ್, ತೆಗೆಸಿದ್ದೇನೆ ಅಂದೆ. ಸಹಿ ಹಾಕಿದರು.

ಇನ್ನೂ ಬಾಕಿ ಇದೆ. ಎರಡನೇ ಗೇರು ಹಾಕುವಾಗ ಒಂದು ಕರಕರ. ಗೇರು ಸಲೀಸಾಗಿ ಕೂರಲು ಇರುವ ಸಿಂಕ್ರೊ ರಿಂಗು ಸವೆದಿದೆ, ಗೇರ್ ಬಾಕ್ಸು ಇಳಿಸಬೇಕು. ಈಗಲೇ ಇಳಿಸಿಬಿಡು ಅಂತ ಮಿಸ್ತ್ರಿ, ನಾಟಿ ಹಂಗಾಮು ಮುಗಿಯಲಿ ಅಂತ ನಾನು. ಅಲ್ಲಿಯವರೆಗೆ ಎರಡು ಸಲ ಕ್ಲಚ್ ಒತ್ತಿ ಗೇರು ಹಾಕುತ್ತಿದ್ದೇನೆ. ತೆಗೆದ ದಪ್ಪ ಪ್ಲೇಟುಗಳನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿದ, ಕೊಡಲಿಲ್ಲ. ಒಳ್ಳೇ ಉಕ್ಕು. ನಮ್ಮೂರ ಕಮ್ಮಾರರು ಒಂದರಲ್ಲಿ ಎರಡು ಕತ್ತಿ ಮಾಡಿಕೊಟ್ಟಿದ್ದಾರೆ, ಉಳಿದವಕ್ಕೆ ಪಕ್ಕದ ತೋಟದವರು ಆಗಲೇ ಮಾತಾಡಿಟ್ಟಿದ್ದಾರೆ.